ಎಂಎಲ್‌ಎಚ್-1 ಇಲ್ಲ ಅಂತ ಅಪ್ಪನ ರಿಪೋರ್ಟ್ ಬಂದಿದೆ, ಇಮ್ಯೂನ್ ಜೀನ್ ಟೆಸ್ಟ್ ಬೇರೆ ಮಾಡಿಸಬೇಕಾ?

ಹೊಸನಗರದ ಮಗಳು

ನಮಸ್ಕಾರ. ಅಪ್ಪನ ವಿಷಯಕ್ಕೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಪ್ಪನಿಗೆ 58 ವರ್ಷ. ಹೊಸನಗರದಿಂದ ಬಿದನೂರು ನಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು, ಅಡಿಕೆ ತೋಟ ಇದೆ. ಹೋದ ಸಲದ ಕೊಯ್ಲಿನ ಹೊತ್ತಿಗೇ ಸುಸ್ತು ಅನ್ನುತ್ತಿದ್ದರು. ರಕ್ತ ಕಮ್ಮಿ ಇದೆ ಅಂತ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರು. ಕೊಳೆ ಔಷಧಿ ಹೊಡೆಸುವ ದಿನ ತೋಟದ ದಿಬ್ಬ ಹತ್ತಲಾರದೆ ಅರ್ಧಕ್ಕೇ ಕೂತುಬಿಟ್ಟರು. ಆಮೇಲೆ ಕೊಲೊನೋಸ್ಕೋಪಿ ಮಾಡಿದಾಗ ದೊಡ್ಡ ಕರುಳಿನ ಬಲಗಡೆ ಗಡ್ಡೆ ಸಿಕ್ಕಿತು. ಹುಲಿಕಲ್ ಘಾಟಿ ಇಳಿದು ಕರಾವಳಿ ಕಡೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಈಗ ಮನೆಯಲ್ಲಿದ್ದಾರೆ. ಗಂಜಿ, ತಂಬುಳಿ ಸೇರುತ್ತಿದೆ.

ರಿಪೋರ್ಟಿನಲ್ಲಿ ಇರುವುದು ಹೀಗೆ: ಅಡಿನೋಕಾರ್ಸಿನೋಮಾ (ಒಂದು ಬಗೆಯ ಕ್ಯಾನ್ಸರ್), ಪಿಟಿ-3 (ಗಡ್ಡೆ ಎಷ್ಟು ಆಳ ಇಳಿದಿದೆ ಅನ್ನುವ ಗುರುತು), ಎನ್-1 (ಲಿಂಫ್ ನೋಡ್‌ಗೆ ಹರಡಿದ ಗುರುತು). ತೆಗೆದ 18 ಲಿಂಫ್ ನೋಡ್‌ಗಳಲ್ಲಿ 2ಕ್ಕೆ ಹರಡಿದೆ. ಮೂರನೇ ಹಂತ ಅಂದರು. "ಗಡ್ಡೆಯೊಳಗೆ ಲಿಂಫೋಸೈಟ್ ಜಾಸ್ತಿ" ಅಂತ ಒಂದು ಸಾಲಿದೆ, ಅದು ಒಂದು ಬಗೆಯ ಬಿಳಿ ರಕ್ತಕಣವಂತೆ. ಕೊನೆಯಲ್ಲಿ ಎಂಎಲ್‌ಎಚ್-1, ಪಿಎಂಎಸ್-2 ಲಾಸ್. ಎಂಎಸ್‌ಎಚ್-2, ಎಂಎಸ್‌ಎಚ್-6 ಇಂಟ್ಯಾಕ್ಟ್. ಡಾಕ್ಟರು 3 ತಿಂಗಳ ಕೇಪಾಕ್ಸ್ ಕೀಮೋ ಹೇಳಿದ್ದಾರೆ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ನೆಟ್‌ನಲ್ಲಿ ಹುಡುಕಿ ಒಂದಷ್ಟು ಪೇಪರ್ ಕಳಿಸಿದ್ದಾನೆ. ಎಲ್ಲದರಲ್ಲೂ ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟ ಜೀನ್‌ಗಳನ್ನು ಅಳೆದು ಕರುಳಿನ ಕ್ಯಾನ್ಸರ್ ಮುಂದೆ ಏನಾಗುತ್ತದೆ, ಯಾವ ಔಷಧಿ ಹಿಡಿಯುತ್ತದೆ ಅಂತ ಹೇಳಬಹುದು ಎಂದಿದೆ. ಒಂದರಲ್ಲಿ 8 ಜೀನ್, ಇನ್ನೊಂದರಲ್ಲಿ 11. ಯಾವುದೋ ಲ್ಯಾಬ್ ನೂರಾರು ಜೀನ್ ಒಟ್ಟಿಗೆ ನೋಡುತ್ತದಂತೆ. ರೇಟು ಕೇಳಿದರೆ ನಮಗೆ ಈ ವರ್ಷದ ಅಡಿಕೆ ದುಡ್ಡಿನಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಆದರೂ ಅಪ್ಪನಿಗೆ ಉಪಯೋಗ ಆಗುತ್ತದೆ ಅಂದರೆ ಮಾಡಿಸುತ್ತೇವೆ.

ಮಾಡಿಸಬೇಕಾ? ಲಿಂಫೋಸೈಟ್ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಓದಿದೆ, ಹಾಗಾದರೆ ಕೀಮೋ ಬೇಡವಾ? ಇನ್ನೊಂದು ವಿಷಯ. ಅಪ್ಪನ ಅಕ್ಕ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದರು, ಆಗ ಅವರಿಗೆ 49. ಅದಕ್ಕೂ ಇದಕ್ಕೂ ಸಂಬಂಧ ಇರುವುದಿಲ್ಲ ಅಲ್ವಾ?

ಸ್ಲೈಡ್ ನೋಡುವವಳು, ಶಿವಮೊಗ್ಗ

ನಾನು ಪ್ಯಾಥಾಲಜಿಸ್ಟ್. ಶಿವಮೊಗ್ಗದಲ್ಲೇ ಕೆಲಸ. ದಿನಾ ಇಂಥ ಗಡ್ಡೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕೆಲಸ, ಹಾಗಾಗಿ ನಿಮ್ಮ ಪ್ರಶ್ನೆ ಓದಿ ಉತ್ತರಿಸದೆ ಇರಲಾಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನೀವು ದುಡ್ಡು ಕೊಟ್ಟು ಹುಡುಕಲು ಹೊರಟಿರುವ ಉತ್ತರದ ಬಹುಪಾಲು ನಿಮ್ಮ ಕೈಯಲ್ಲಿರುವ ರಿಪೋರ್ಟಿನ ಕೊನೆಯ ಸಾಲಿನಲ್ಲೇ ಇದೆ. ಆ ನಾಲ್ಕು ಹೆಸರು ಇದೆಯಲ್ಲ, ಕರುಳಿನ ಕ್ಯಾನ್ಸರಿನಲ್ಲಿ ಇಮ್ಯೂನ್ ಚಿಕಿತ್ಸೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಬಿಡುವ ಔಷಧಿ) ಹಿಡಿಯುತ್ತದಾ ಅಂತ ಹೇಳುವುದರಲ್ಲಿ ಇವತ್ತಿಗೆ ಅದರಷ್ಟು ಗಟ್ಟಿಯಾದ ಗುರುತು ಬೇರೆ ಇಲ್ಲ. ನೂರಾರು ಜೀನ್ ಒಟ್ಟಿಗೆ ನೋಡುವ ಆ ದೊಡ್ಡ ಪ್ಯಾನೆಲ್ ಈಗ ಬೇಡ. ಆದರೆ ಆ ಸಾಲನ್ನು ಹಿಡಿದು ಮುಂದೆ ಮಾಡಬೇಕಾದ ಒಂದೆರಡು ಸಣ್ಣ ಟೆಸ್ಟ್ ಇವೆ. ಅವನ್ನು ಮಾತ್ರ ಬಿಡಬೇಡಿ.

ನಮ್ಮ ಕಣ ಎರಡಾಗುವಾಗ ಡಿಎನ್‌ಎ ನಕಲು ಆಗಬೇಕು. ನಕಲಿನಲ್ಲಿ ತಪ್ಪು ನುಸುಳುತ್ತದೆ. ಅಡಿಕೆ ಹರಡಿದ ಅಂಗಳದಲ್ಲಿ ಕೂತು ಕೆಟ್ಟಿದ್ದನ್ನು ಹೆಕ್ಕಿ ತೆಗೆಯುತ್ತಾರಲ್ಲ, ಆ ಕೆಲಸವನ್ನು ಕಣದೊಳಗೆ ಎಂಎಲ್‌ಎಚ್-1, ಪಿಎಂಎಸ್-2, ಎಂಎಸ್‌ಎಚ್-2, ಎಂಎಸ್‌ಎಚ್-6 ಎಂಬ ಪ್ರೋಟೀನುಗಳು ಜೋಡಿಜೋಡಿಯಾಗಿ ಮಾಡುತ್ತವೆ. ಎಂಎಲ್‌ಎಚ್-1 ಇಲ್ಲದಿದ್ದರೆ ಅದರ ಜೊತೆಗಾರ ಪಿಎಂಎಸ್-2 ಕೂಡ ಉಳಿಯುವುದಿಲ್ಲ. ನಿಮ್ಮ ತಂದೆಯ ರಿಪೋರ್ಟಿನಲ್ಲಿ ಎರಡೂ ಒಟ್ಟಿಗೆ ಹೋಗಿರುವುದು ಅದಕ್ಕೇ. ತಿದ್ದುವವರು ಇಲ್ಲದ ಮೇಲೆ ತಪ್ಪುಗಳು ಸಾವಿರಗಟ್ಟಲೆ ಕೂಡುತ್ತವೆ. ಆ ತಪ್ಪುಗಳಿಂದ ಗಡ್ಡೆ ವಿಚಿತ್ರ ಪ್ರೋಟೀನು ತಯಾರಿಸುತ್ತದೆ. ದೇಹದ ಟಿ ಕಣಗಳಿಗೆ (ಲಿಂಫೋಸೈಟ್‌ಗಳಲ್ಲೇ ಒಂದು ಬಗೆ) ಅದು ಹೊರಗಿನದು ಅನ್ನಿಸಿ ಅವು ಗಡ್ಡೆಗೆ ನುಗ್ಗುತ್ತವೆ. ನಿಮ್ಮ ರಿಪೋರ್ಟಿನ "ಲಿಂಫೋಸೈಟ್ ಜಾಸ್ತಿ" ಎಂಬ ಸಾಲು ಇದನ್ನೇ ಹೇಳುತ್ತಿದೆ. ಸ್ಲೈಡಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಕ್ಯಾನ್ಸರ್ ಕಣಗಳ ಸಾಲಿನ ನಡುನಡುವೆ ಸಣ್ಣ, ದುಂಡನೆಯ, ಕಡು ನೀಲಿ ಚುಕ್ಕಿಗಳು ಹೊಕ್ಕು ಕೂತಿರುತ್ತವೆ. ಒಂದೊಂದರ ಸುತ್ತ ತೆಳ್ಳಗೆ ಬಿಳಿ ಅಂಚು.

ಆ ನಾಲ್ಕು ಪ್ರೋಟೀನನ್ನು ನಾವು ನೋಡುವ ರೀತಿಯನ್ನೂ ಹೇಳುತ್ತೇನೆ. ಗಡ್ಡೆಯ ಮೇಣದ ಬ್ಲಾಕಿನಿಂದ 3–4 ಮೈಕ್ರಾನ್ ದಪ್ಪದ ಪದರ ಕತ್ತರಿಸಿ ಗಾಜಿನ ಮೇಲೆ ಹಾಕಿ ಬಣ್ಣ ಕೊಡುತ್ತೇವೆ. ಪ್ರೋಟೀನ್ ಇದ್ದರೆ ಕಣದ ನಡುಭಾಗ ಕಂದು. ಇಲ್ಲದಿದ್ದರೆ ಬರೀ ನೀಲಿ. ನಿಮ್ಮ ತಂದೆಯ ಸ್ಲೈಡಿನಲ್ಲಿ ಕ್ಯಾನ್ಸರ್ ಕಣಗಳೆಲ್ಲ ನೀಲಿ ಇರುತ್ತವೆ. ಅದೇ ಸ್ಲೈಡಿನಲ್ಲಿ ಪಕ್ಕದ ಲಿಂಫೋಸೈಟ್, ಸಾಮಾನ್ಯ ಕರುಳಿನ ಕಣ ಕಂದಾಗಿರಬೇಕು. ಪಕ್ಕದ್ದು ಕಂದಾಗಿದ್ದರೆ ಮಾತ್ರ "ಇಲ್ಲ" ಎಂಬ ಮಾತು ನಂಬಬಹುದು. ಎಲ್ಲವೂ ನೀಲಿ ಬಂದರೆ ಬಣ್ಣವೇ ಹಿಡಿದಿಲ್ಲ ಅಂತ ಅರ್ಥ, ಟೆಸ್ಟ್ ಮತ್ತೆ ಮಾಡಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆ ತಾಲೂಕುಗಳಿಂದ ಆಪರೇಷನ್ ಮಾಡಿದ ಕರುಳು ಫಾರ್ಮಲಿನ್ ಡಬ್ಬಿಯಲ್ಲಿ ಬಸ್ಸಿನಲ್ಲಿ ಬರುತ್ತದೆ. ಕೆಲವು ಸಲ ಡಬ್ಬಿ ಸಣ್ಣದು, ಫಾರ್ಮಲಿನ್ ತಳದಲ್ಲಿ ಸ್ವಲ್ಪ. ಕರುಳನ್ನು ಸೀಳದೆ ಹಾಗೇ ತುರುಕಿರುತ್ತಾರೆ. ಒಳಗೆ ಔಷಧಿ ಇಳಿಯದೆ ಗಡ್ಡೆ ಕೊಳೆತಿರುತ್ತದೆ. ಅಂಥದ್ದನ್ನು ಕತ್ತರಿಸುವಾಗ ನನಗೆ ಹೊಟ್ಟೆ ಉರಿಯುತ್ತದೆ. ಒಬ್ಬ ಮನುಷ್ಯನ ಚಿಕಿತ್ಸೆ ತೀರ್ಮಾನ ಆಗಬೇಕಾದ ವಸ್ತು ಅದು. ದಯವಿಟ್ಟು ಯಾರ ಮನೆಯಲ್ಲೇ ಆಪರೇಷನ್ ಆದರೂ ಒಂದು ಮಾತು ಕೇಳಿ: ಫಾರ್ಮಲಿನ್ ಸಾಕಷ್ಟು ಹಾಕಿದ್ದೀರಾ, ಯಾವತ್ತು ಕಳಿಸುತ್ತೀರಿ ಅಂತ. ಕೇಳುವುದು ನಿಮ್ಮ ಹಕ್ಕು.

ಈಗ ನಿಮ್ಮ ಕೀಮೋ ಪ್ರಶ್ನೆ. ಈ ತಿದ್ದುವ ಪ್ರೋಟೀನು ಇಲ್ಲದ ಗಡ್ಡೆಗೆ ಡಿಎಂಎಂಆರ್ ಅಂತಾರೆ, ಎಂಎಸ್‌ಐ-ಹೈ ಅಂದರೂ ಹೆಚ್ಚುಕಮ್ಮಿ ಅದೇ. ಒಟ್ಟು ಕರುಳಿನ ಕ್ಯಾನ್ಸರಿನಲ್ಲಿ ಸುಮಾರು 15 ಪರ್ಸೆಂಟ್ ಇಂಥವು. ಬೇರೆ ಅಂಗಕ್ಕೆ ಹರಡಿದ ನಾಲ್ಕನೇ ಹಂತದಲ್ಲಿ ಮಾತ್ರ ಎಣಿಸಿದರೆ 5 ಪರ್ಸೆಂಟ್ ಆಸುಪಾಸು. ಅಂದರೆ ಇವು ದೂರ ಹರಡುವುದು ಕಮ್ಮಿ, ಟಿ ಕಣಗಳು ತಡೆದು ಹಿಡಿಯುತ್ತವೆ. ಹಾಗಾಗಿ ಎರಡನೇ ಹಂತದಲ್ಲಿ ಇಂಥ ಗಡ್ಡೆ ಇದ್ದವರಿಗೆ ಸಾಮಾನ್ಯವಾಗಿ ಕೀಮೋ ಕೊಡುವುದಿಲ್ಲ. 5-ಎಫ್‌ಯು ಎಂಬ ಕೀಮೋ ಔಷಧಿ ಒಂದನ್ನೇ ಕೊಟ್ಟರೆ ಅವರಿಗೆ ಲಾಭ ಇಲ್ಲ ಅಂತ ಚೆನ್ನಾಗಿ ಗೊತ್ತಾಗಿದೆ. ಆದರೆ ನಿಮ್ಮ ತಂದೆಯದು ಮೂರನೇ ಹಂತ. ಲಿಂಫ್ ನೋಡಿಗೆ ಹೋಗಿದೆ. ಇಲ್ಲಿ ಆಕ್ಸಾಲಿಪ್ಲಾಟಿನ್ ಸೇರಿದ ಕೀಮೋ ಕೊಡುವುದೇ ಸರಿ, ಕೇಪಾಕ್ಸ್ ಅದೇ. ಪಿಟಿ-3, ಎನ್-1 ಇರುವವರಿಗೆ 3 ತಿಂಗಳು ಸಾಕಾಗುತ್ತದೆ ಅನ್ನುವುದೂ ದೊಡ್ಡ ಅಧ್ಯಯನದಿಂದ ಬಂದ ಮಾತು. ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿದೆ. ಲಿಂಫೋಸೈಟ್ ನೋಡಿ ಕೀಮೋ ಬಿಡಬೇಡಿ.

ಒಂದು ಹೊಸ ಸಂಗತಿ ಡಾಕ್ಟರ ಹತ್ತಿರ ಎತ್ತಬಹುದು. 2025ರಲ್ಲಿ ಅಟಾಮಿಕ್ ಎಂಬ ಅಧ್ಯಯನದ ಫಲಿತಾಂಶ ಬಂತು. ನಿಮ್ಮ ತಂದೆಯಂಥ ಮೂರನೇ ಹಂತದ ಡಿಎಂಎಂಆರ್ ರೋಗಿಗಳು 712 ಜನ. ಅರ್ಧ ಜನಕ್ಕೆ ಕೀಮೋ ಮಾತ್ರ, ಅರ್ಧ ಜನಕ್ಕೆ ಕೀಮೋ ಜೊತೆ ಅಟೆಜೊಲಿಜುಮ್ಯಾಬ್ ಎಂಬ ಇಮ್ಯೂನ್ ಔಷಧಿ. 3 ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಕೀಮೋ ಗುಂಪಿನಲ್ಲಿ 76.6 ಪರ್ಸೆಂಟ್, ಎರಡೂ ಸಿಕ್ಕವರಲ್ಲಿ 86.4 ಪರ್ಸೆಂಟ್. ಔಷಧಿ ತುಂಬ ದುಬಾರಿ, ಒಟ್ಟು ಒಂದು ವರ್ಷ ನಡೆಯುತ್ತದೆ, ಅಡ್ಡಪರಿಣಾಮವೂ ಇದೆ. ಆದರೂ ಕೇಳಿ. ದುಡ್ಡು ಖರ್ಚು ಮಾಡುವುದೇ ಆದರೆ ಯೋಚಿಸಬೇಕಾದ್ದು ಈ ಔಷಧಿಯ ಬಗ್ಗೆ, ಪ್ಯಾನೆಲ್ ಬಗ್ಗೆ ಅಲ್ಲ.

ಈ ಗುರುತಿಗೆ ಇಷ್ಟು ತೂಕ ಯಾಕೆ ಬಂತು ಅಂತಲೂ ಗೊತ್ತಿರಲಿ. 2015ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಆಯಿತು. ಕೊನೆ ಹಂತದ ಕರುಳಿನ ಕ್ಯಾನ್ಸರ್ ಇದ್ದವರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯೂನ್ ಔಷಧಿ ಕೊಟ್ಟರು. ಡಿಎಂಎಂಆರ್ ಇದ್ದ 10 ಜನರಲ್ಲಿ 4 ಜನಕ್ಕೆ ಗಡ್ಡೆ ಕುಗ್ಗಿತು. ಇಲ್ಲದ 18 ಜನರಲ್ಲಿ ಒಬ್ಬರಿಗೂ ಇಲ್ಲ. 2020ರಲ್ಲಿ 307 ಜನರ ದೊಡ್ಡ ಅಧ್ಯಯನದಲ್ಲಿ ಇದೇ ಔಷಧಿಯನ್ನು ಕೀಮೋ ಎದುರು ಇಟ್ಟು ನೋಡಿದರು. ರೋಗ ಮುಂದುವರಿಯದೆ ನಿಂತದ್ದು ಕೀಮೋದಲ್ಲಿ 8.2 ತಿಂಗಳು, ಇದರಲ್ಲಿ 16.5 ತಿಂಗಳು. ಆದರೆ ಅದರಲ್ಲೂ ಹೆಚ್ಚುಕಮ್ಮಿ 30 ಪರ್ಸೆಂಟ್ ಜನರಿಗೆ ಔಷಧಿ ಹಿಡಿಯಲೇ ಇಲ್ಲ. ಯಾರಿಗೆ ಹಿಡಿಯುವುದಿಲ್ಲ ಅಂತ ಮೊದಲೇ ಹೇಳುವ ಜೀನ್ ಬೇಕು ಅಂತಲೇ ನಿಮ್ಮ ಅಣ್ಣ ಕಳಿಸಿದಂಥ ಪೇಪರುಗಳು ಇಷ್ಟು ಬರುತ್ತಿರುವುದು. ಹುಡುಕಾಟ ನಿಜವಾದದ್ದು. ಉತ್ತರ ಇನ್ನೂ ಕೈಗೆ ಬಂದಿಲ್ಲ ಅಷ್ಟೇ.

ಕೊನೆಯದಾಗಿ ನಿಮ್ಮ ಅತ್ತೆಯ ವಿಷಯ. ಸಂಬಂಧ ಇರಬಹುದು. ಇಡೀ ಪ್ರಶ್ನೆಯಲ್ಲಿ ನನ್ನನ್ನು ಎಚ್ಚರಿಸಿದ್ದು ಆ ಸಾಲೇ. ಎಂಎಲ್‌ಎಚ್-1 ಮುಖ್ಯವಾಗಿ ಎರಡು ರೀತಿಯಲ್ಲಿ ಹೋಗುತ್ತದೆ. ಒಂದು, ವಯಸ್ಸಾದಂತೆ ಗಡ್ಡೆಯೊಳಗೇ ಆ ಜೀನ್ ಮುಚ್ಚಿಹೋಗುವುದು. ಇದು ಮನೆತನಕ್ಕೆ ಸಂಬಂಧಪಟ್ಟದ್ದಲ್ಲ. ಇನ್ನೊಂದು, ಹುಟ್ಟಿನಿಂದಲೇ ಜೀನ್ ಕೆಟ್ಟಿರುವುದು. ಅದಕ್ಕೆ ಲಿಂಚ್ ಸಿಂಡ್ರೋಮ್ ಅಂತಾರೆ. ಅಂಥ ಮನೆಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಕರುಳಿನ ಕ್ಯಾನ್ಸರ್, ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್, ಅದೂ ಎಷ್ಟೋ ಸಲ 50ರ ಒಳಗೇ ಕಾಣಿಸಿಕೊಳ್ಳುತ್ತದೆ. ಪತ್ತೆ ಹಚ್ಚುವುದು ಕಷ್ಟ ಇಲ್ಲ. ಇರುವ ಬ್ಲಾಕಿನಲ್ಲೇ ಬ್ರಾಫ್ ವಿ-600-ಇ ಎಂಬ ಜೀನ್ ಬದಲಾವಣೆಯ ಟೆಸ್ಟ್ ಮಾಡಬಹುದು. ಅದು ಪಾಸಿಟಿವ್ ಬಂದರೆ ಲಿಂಚ್ ಬಹುತೇಕ ಇಲ್ಲ ಅಂತ ಅರ್ಥ. ನೆಗೆಟಿವ್ ಬಂದರೆ ಎಂಎಲ್‌ಎಚ್-1 ಮೆಥೈಲೇಷನ್, ಅಂದರೆ ಆ ಜೀನ್ ಮುಚ್ಚಿಹೋಗಿದೆಯಾ ಅಂತ ನೋಡಬೇಕು. ಅದೂ ಇಲ್ಲದಿದ್ದರೆ ರಕ್ತದ ಜೀನ್ ಪರೀಕ್ಷೆ. ನಿಮ್ಮ ಮನೆಗೆ ನಿಜವಾಗಿ ಬೇಕಾದ ಜೀನ್ ಟೆಸ್ಟ್ ಇದು.

ಶಂಕರಘಟ್ಟ ಹಾಸ್ಟೆಲ್

ನಾನು ಬಯೋಟೆಕ್ ರಿಸರ್ಚ್ ಮಾಡುತ್ತಿದ್ದೇನೆ, ಕ್ಯಾನ್ಸರ್ ಜೀನ್ ಡೇಟಾ ಮೇಲೆಯೇ ಕೆಲಸ. ಮೇಡಂ ಎಲ್ಲ ಹೇಳಿದ್ದಾರೆ. ಆ ಪೇಪರುಗಳು ಹೇಗೆ ತಯಾರಾಗುತ್ತವೆ ಅನ್ನುವುದನ್ನು ಮಾತ್ರ ನಾನು ಹೇಳುತ್ತೇನೆ, ಆಗ ನಿಮ್ಮ ಅಣ್ಣನಿಗೂ ಅರ್ಥ ಆಗುತ್ತದೆ.

ಟಿಸಿಜಿಎ ಅಂತ ಅಮೆರಿಕದ ದೊಡ್ಡ ಡೇಟಾ ಭಂಡಾರ ಇದೆ. ನೂರಾರು ಕರುಳಿನ ಗಡ್ಡೆಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ, ರೋಗಿ ಎಷ್ಟು ಕಾಲ ಬದುಕಿದ ಎಂಬುದೆಲ್ಲ ಪುಕ್ಕಟೆ ಸಿಗುತ್ತದೆ. ಇಮ್‌ಪೋರ್ಟ್ ಎಂಬ ಇನ್ನೊಂದು ಕಡೆ ರೋಗನಿರೋಧಕ ಜೀನ್‌ಗಳ ಪಟ್ಟಿ ಸಿಗುತ್ತದೆ. ಎರಡನ್ನೂ ಸೇರಿಸಿ, ಬದುಕಿನ ಅವಧಿಗೆ ಹೊಂದುವ ಜೀನ್‌ಗಳನ್ನು ಜರಡಿ ಹಿಡಿದು, ಲ್ಯಾಸೊ ಎಂಬ ಲೆಕ್ಕದಿಂದ ಎಂಟೋ ಹತ್ತೋ ಉಳಿಸಿಕೊಳ್ಳುತ್ತಾರೆ. ಪ್ರತಿ ಜೀನ್‌ಗೆ ಒಂದು ತೂಕ ಕೊಟ್ಟು ಕೂಡಿದರೆ ರಿಸ್ಕ್ ಸ್ಕೋರ್. ಆಮೇಲೆ ಜಿಎಸ್‌ಇ-39582 ಎಂಬ ಫ್ರಾನ್ಸಿನ ಡೇಟಾದಲ್ಲಿ ಅದೇ ಲೆಕ್ಕ ಹಾಕಿ ಸರಿಬಂತು ಅಂತ ತೋರಿಸುತ್ತಾರೆ. ಇದಿಷ್ಟನ್ನೂ ಒಂದು ಲ್ಯಾಪ್‌ಟಾಪಿನಲ್ಲಿ ಮಾಡಬಹುದು. ಕಲಿಯುವುದಕ್ಕೆ ಇದು ಒಳ್ಳೆಯ ಕೆಲಸ, ಹೊಸ ದಾರಿಯೂ ಸಿಗುತ್ತದೆ. ನಾನೂ ಪ್ರೀತಿಯಿಂದಲೇ ಮಾಡುತ್ತೇನೆ.

ಆದರೆ ನಿಮ್ಮ ತಂದೆಯ ಒಂದು ಗಡ್ಡೆಗೆ ಅದನ್ನು ಹಚ್ಚಲು ಹೊರಟರೆ ತೊಡಕು. ಹೆಚ್ಚಿನ ಪೇಪರುಗಳಲ್ಲಿ ಹೈ ರಿಸ್ಕ್, ಲೋ ರಿಸ್ಕ್ ಅಂತ ಗೆರೆ ಎಳೆಯುವುದು ಆ ಗುಂಪಿನ ನಟ್ಟನಡುವಿನ ಸ್ಕೋರಿನಲ್ಲಿ. ಅಂದರೆ ಯಾವ ಗುಂಪು ತಗೊಂಡರೂ ಅರ್ಧ ಜನ ಹೈ ರಿಸ್ಕ್ ಆಗಲೇಬೇಕು! ಆ ಗುಂಪಿನಲ್ಲಿ ಇಲ್ಲದ ಒಬ್ಬ ಹೊಸ ರೋಗಿಯನ್ನು ಗೆರೆಯ ಯಾವ ಕಡೆ ನಿಲ್ಲಿಸುವುದು? ಜೀನ್ ಅಳೆಯುವ ಯಂತ್ರ ಬೇರೆಯಾದರೆ ಸಂಖ್ಯೆಯೂ ಬೇರೆ. ಟಿಸಿಜಿಎ ಗಡ್ಡೆಗಳು ತಕ್ಷಣ ಫ್ರೀಜ್ ಮಾಡಿದವು, ನಮ್ಮ ಕಡೆ ಸಿಗುವುದು ಮೇಣದ ಬ್ಲಾಕ್.

ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. "ಇಮ್ಯೂನ್ ಚಿಕಿತ್ಸೆ ಹಿಡಿಯುತ್ತದಾ ಅಂತ ಹೇಳುತ್ತದೆ" ಎಂದು ಬರೆದಿರುತ್ತಾರಲ್ಲ, ಆ ಭಾಗ ಬಿಡಿಸಿ ಓದಿ. ಎಷ್ಟೋ ಸಲ ಅಲ್ಲಿ ಇಮ್ಯೂನ್ ಔಷಧಿ ತಗೊಂಡ ಕರುಳಿನ ಕ್ಯಾನ್ಸರ್ ರೋಗಿ ಒಬ್ಬರೂ ಇರುವುದಿಲ್ಲ. ಟೈಡ್ ಎಂಬ ಇನ್ನೊಂದು ಕಂಪ್ಯೂಟರ್ ಸ್ಕೋರಿಗೆ ಹೋಲಿಸಿರುತ್ತಾರೆ. ಇಲ್ಲವೇ ಐಎಂವಿಗರ್-210 ಎಂಬ ಡೇಟಾ ಬಳಸಿರುತ್ತಾರೆ. ಅದು ಮೂತ್ರಕೋಶದ ಕ್ಯಾನ್ಸರ್ ರೋಗಿಗಳದ್ದು. ಮೂತ್ರಕೋಶದಲ್ಲಿ ಸರಿಹೊಂದಿದ್ದು ಕರುಳಿನಲ್ಲೂ ಹೊಂದಬೇಕು ಅಂತ ಏನಿಲ್ಲ ಅಲ್ವಾ.

ಹಾಗಂತ ಜೀನ್ ದಾರಿಯೇ ಸುಳ್ಳು ಅಂತ ತಿಳಿಯಬೇಡಿ. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಲೋನ್ ತಂಡ ಕರುಳಿನ ಗಡ್ಡೆಯಲ್ಲಿ ಇಂಟರ್‌ಫೆರಾನ್ ಗ್ಯಾಮಾ, ಗ್ರಾಂಜೈಮ್-ಬಿ ಥರದ ಟಿ ಕಣದ ಜೀನ್‌ಗಳನ್ನೂ, ಗಡ್ಡೆಯ ನಡುವೆ ಮತ್ತು ಅಂಚಿನಲ್ಲಿ ಇರುವ ಟಿ ಕಣಗಳ ಸಂಖ್ಯೆಯನ್ನೂ ನೋಡಿತು. ಟಿ ಕಣ ಜಾಸ್ತಿ ಇದ್ದವರು ಚೆನ್ನಾಗಿ ಉಳಿದರು. ಅದರಿಂದ ಇಮ್ಯೂನೋಸ್ಕೋರ್ ಬಂತು. ಟಿ ಕಣದ ಗುರುತಾದ ಸಿಡಿ-3, ಸಿಡಿ-8 ಎಂಬ ಪ್ರೋಟೀನುಗಳಿಗೆ ಎರಡು ಬಣ್ಣ, ಎರಡು ಜಾಗ, ಕಂಪ್ಯೂಟರ್ ಎಣಿಕೆ, ಅಷ್ಟೇ. 2018ರಲ್ಲಿ 13 ದೇಶಗಳ 2681 ರೋಗಿಗಳ ಮೇಲೆ ಪರೀಕ್ಷೆ ಆಯಿತು. ಮೊದಲ ಗುಂಪಿನಲ್ಲಿ 5 ವರ್ಷದೊಳಗೆ ರೋಗ ಮರುಕಳಿಸಿದ್ದು ಸ್ಕೋರ್ ಜಾಸ್ತಿ ಇದ್ದವರಲ್ಲಿ 8 ಪರ್ಸೆಂಟ್, ನಡುವಿನವರಲ್ಲಿ 19, ಕಮ್ಮಿ ಇದ್ದವರಲ್ಲಿ 32. ಜೀನ್ ಅಳೆಯುವ ದಾರಿಯಲ್ಲಿ ಶುರುವಾದದ್ದು ಕೊನೆಗೆ ಎರಡು ಬಣ್ಣಕ್ಕೆ ಇಳಿದು ಗಟ್ಟಿಯಾಯಿತು. ನನಗೆ ಅದು ತುಂಬ ಇಷ್ಟ.

ಸಾಗರದಿಂದ

ನಮ್ಮ ಮನೆಯಲ್ಲಿ ಯಜಮಾನರಿಗೆ ಇದೇ ಆಗಿತ್ತು, ಹಾಗಾಗಿ ಓಡಾಟದ ವಿಷಯ ಹೇಳುತ್ತೇನೆ.

ಬ್ಲಾಕ್ ನೀವೇ ಹೋಗಿ ಕೇಳಬೇಕು. ಆಪರೇಷನ್ ಆದ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗದಲ್ಲಿ ಒಂದು ಅರ್ಜಿ, ರೋಗಿಯ ಗುರುತಿನ ಚೀಟಿ, ರಿಪೋರ್ಟಿನ ಮೇಲಿರುವ ಬಯಾಪ್ಸಿ ನಂಬರ್ ಇದ್ದರೆ ಕೊಡುತ್ತಾರೆ. ಗಡ್ಡೆ ಜಾಸ್ತಿ ಇರುವ ಬ್ಲಾಕ್ ಯಾವುದು ಅಂತ ಅವರಿಂದಲೇ ಬರೆಸಿಕೊಳ್ಳಿ. ನಮಗೆ ಒಂದು ಕಡೆ ಬರೀ ಸಾಮಾನ್ಯ ಕರುಳಿನ ಬ್ಲಾಕ್ ಕೊಟ್ಟು ಕಳಿಸಿದ್ದರು. ಟೆಸ್ಟ್ ಮಾಡುವ ಲ್ಯಾಬ್ ಇದರಲ್ಲಿ ಗಡ್ಡೆಯೇ ಇಲ್ಲ ಅಂತ ವಾಪಸ್ ಕಳಿಸಿತು. ಅಷ್ಟರಲ್ಲಿ ಕೀಮೋ ಶುರುವಾಗುವ ದಿನ ಬಂದಿತ್ತು. ಆ ಆತಂಕ ಯಾರಿಗೂ ಬೇಡ.

ಬೇಸಿಗೆಯಲ್ಲಿ ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಮೇಣ ಅದು. ಕೆಲಸ ಮುಗಿದ ಮೇಲೆ ವಾಪಸ್ ಕೇಳಿ ತಗೊಳ್ಳಿ, ಮುಂದೆ ಯಾವಾಗಲಾದರೂ ಬೇಕಾಗುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಔಷಧಿ ಅದರಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಕೀಮೋ ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಕೂತು ಕೇಳಿಕೊಳ್ಳಿ. ಕೇಪಾಕ್ಸ್ ಹಾಕಿದ ಮೇಲೆ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ನಮ್ಮ ಮಳೆಗಾಲದಲ್ಲಿ ಅದು ದೊಡ್ಡ ಹಿಂಸೆ. ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು ಇರಲಿ, ಕೈಗೆ ಗ್ಲೌಸ್ ಇರಲಿ.

ಭದ್ರಾವತಿ ಕಾಗದನಗರ

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಅಮ್ಮನಿಗೆ ಗುದದ್ವಾರದ ಹತ್ತಿರವೇ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಆಪರೇಷನ್ ಮಾಡಿ ಹೊಟ್ಟೆಗೆ ಶಾಶ್ವತವಾಗಿ ಚೀಲ ಹಾಕಬೇಕಾಗಬಹುದು ಅಂದಿದ್ದಾರೆ. ಅಮ್ಮ ಅದನ್ನು ಕೇಳಿದಾಗಿನಿಂದ ಊಟ ಬಿಟ್ಟಿದ್ದಾರೆ. ನಮ್ಮ ರಿಪೋರ್ಟಿನಲ್ಲಿ ಆ ನಾಲ್ಕು ಹೆಸರೇ ಇಲ್ಲ. ಅದನ್ನು ಈಗ ಮಾಡಿಸಬೇಕಾ, ಆಪರೇಷನ್ ಆದ ಮೇಲಾ?

ಸ್ಲೈಡ್ ನೋಡುವವಳು, ಶಿವಮೊಗ್ಗ

ಈಗಲೇ. ಆಪರೇಷನ್‌ಗೆ, ರೇಡಿಯೇಷನ್‌ಗೆ ಮೊದಲೇ. ಬಯಾಪ್ಸಿಯ ಆ ಸಣ್ಣ ಚೂರಿನಲ್ಲೇ ಆಗುತ್ತದೆ, ಮತ್ತೆ ಅಮ್ಮನಿಗೆ ತೊಂದರೆ ಕೊಡುವುದು ಬೇಡ. ನಾಳೆಯೇ ಹೋಗಿ "ಎಂಎಂಆರ್ ಐಎಚ್‌ಸಿ ಮಾಡಿಕೊಡಿ" ಅಂತ ಕೇಳಿ. ಆ ನಾಲ್ಕು ಪ್ರೋಟೀನಿಗೆ ಬಣ್ಣ ಕೊಟ್ಟು ನೋಡುವ ನಾಲ್ಕು ಸ್ಲೈಡಿನ ಟೆಸ್ಟ್ ಇದು, ದೊಡ್ಡ ಪ್ಯಾನೆಲ್‌ಗೆ ಹೋಲಿಸಿದರೆ ತುಂಬ ಅಗ್ಗ.

ಅವಸರ ಯಾಕೆ ಅಂದರೆ, ಗುದನಾಳದ ಕ್ಯಾನ್ಸರಿನಲ್ಲಿ ಡಿಎಂಎಂಆರ್ ಇರುವುದು ತುಂಬ ಕಮ್ಮಿ ಜನರಿಗೆ. ಆದರೆ ಇದ್ದವರಿಗೆ ದಾರಿಯೇ ಬೇರೆ. 2022ರಲ್ಲಿ ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಇಂಥವರಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯೂನ್ ಔಷಧಿ ಒಂದನ್ನೇ 6 ತಿಂಗಳು ಕೊಟ್ಟರು. ಮೊದಲ 12 ಜನರಲ್ಲೂ ಗಡ್ಡೆ ಪೂರ್ತಿ ಮಾಯ. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಚೀಲ ಇಲ್ಲ. 2025ರಲ್ಲಿ ಅದೇ ತಂಡ ಚಿಕಿತ್ಸೆ ಮುಗಿಸಿದ 49 ಗುದನಾಳದ ರೋಗಿಗಳ ಲೆಕ್ಕ ಕೊಟ್ಟಿತು. 49 ಜನರಲ್ಲೂ ಗಡ್ಡೆ ಕಾಣದಾಯಿತು. ಮೊದಲ ಸಲ ಅದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಪಕ್ಕದ ಕೋಣೆಯವರನ್ನು ಕರೆದು ತೋರಿಸಿದ್ದೆ.

ನಿಮ್ಮ ಅಮ್ಮನಿಗೆ ನಾಲ್ಕೂ ಪ್ರೋಟೀನು ಇದೆ ಅಂತ ಬರುವ ಸಾಧ್ಯತೆಯೇ ಜಾಸ್ತಿ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಾಗೆ ಬಂದರೆ ಇಮ್ಯೂನ್ ಔಷಧಿಯ ಹಿಂದೆ ಹೋಗಬೇಡಿ, ಮಾಮೂಲಿ ಚಿಕಿತ್ಸೆಯೇ ಅವರಿಗೆ ಒಳ್ಳೆಯದು. ಆದರೆ ಗೊತ್ತಿಲ್ಲದೆ ಆಪರೇಷನ್ ಟೇಬಲ್ಲಿಗೆ ಹೋಗುವುದು ಬೇಡ. ಕರುಳಿನ ಕ್ಯಾನ್ಸರ್ ಆದ ಪ್ರತಿಯೊಬ್ಬರಿಗೂ ಈ ಟೆಸ್ಟ್ ಆಗಲೇಬೇಕು ಅನ್ನುವುದು ನನ್ನ ಮಾತಲ್ಲ, ಜಗತ್ತಿನ ದೊಡ್ಡ ಕ್ಯಾನ್ಸರ್ ಮಾರ್ಗಸೂಚಿಗಳೇ ಹೇಳುತ್ತವೆ. ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ರಿಪೋರ್ಟು ಆ ಸಾಲಿಲ್ಲದೆ ಹೊರಗೆ ಹೋಗುತ್ತಿವೆ.

ಅಮ್ಮನಿಗೆ ಸದ್ಯಕ್ಕೆ ಚೀಲದ ಮಾತು ಹೆಚ್ಚು ಆಡಬೇಡಿ. ಟೆಸ್ಟ್ ಬರಲಿ. ಆಮೇಲೂ ಚೀಲ ಬೇಕೇ ಬೇಕು ಅಂತಾದರೆ, ಅದನ್ನು ಇಟ್ಟುಕೊಂಡು ತೋಟ ಸುತ್ತುವವರು, ಮದುವೆ ಮನೆಗೆ ಓಡಾಡುವವರು ನಮ್ಮಲ್ಲೇ ಇದ್ದಾರೆ. ಅಂಥವರ ಜೊತೆ ಒಂದು ಸಲ ಮಾತಾಡಿಸಿ.

ಹೊಸನಗರದ ಮಗಳು

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಅಣ್ಣನಿಗೆ ಫೋನ್ ಮಾಡಿ ಪ್ಯಾನೆಲ್ ಬೇಡ ಅಂದೆ. ಶಂಕರಘಟ್ಟದವರು ಬರೆದದ್ದನ್ನು ಓದಿದ ಮೇಲೆ ಅವನೂ ಪೇಪರಿನ ಆ ಭಾಗ ತೆರೆದು ನೋಡಿ, ಹೌದು, ಮೂತ್ರಕೋಶದ ಡೇಟಾ ಅಂತ ಒಪ್ಪಿದ.

ಬ್ಲಾಕ್ ತಂದು ಬ್ರಾಫ್ ಮಾಡಿಸಿದೆವು. ನೆಗೆಟಿವ್. ಮೆಥೈಲೇಷನ್ ಕೂಡ ಇಲ್ಲ. ಕೀಮೋ ಶುರುವಾಗಿದೆ, ಅಪ್ಪ ತಡೆದುಕೊಂಡಿದ್ದಾರೆ. ಅಟೆಜೊಲಿಜುಮ್ಯಾಬ್ ವಿಷಯ ಡಾಕ್ಟರ ಹತ್ತಿರ ಕೇಳಿದೆ. ಅವರಿಗೆ ಅಧ್ಯಯನ ಗೊತ್ತಿತ್ತು, ಖರ್ಚಿನ ಲೆಕ್ಕ ಹಾಕಿ ಮುಂದಿನ ಭೇಟಿಯಲ್ಲಿ ಮಾತಾಡೋಣ ಅಂದರು. ಈಗ ರಕ್ತದ ಟೆಸ್ಟ್ ಮಾಡಿಸಬೇಕು ಅಲ್ವಾ? ನನಗೆ, ತಮ್ಮನಿಗೆ, ಅಪ್ಪನಿಗೆ, ಎಲ್ಲರಿಗೂ ಒಟ್ಟಿಗೆ ಮಾಡಿಸಲಾ? ನನಗೆ 27, ತಮ್ಮನಿಗೆ 22.

ಸ್ಲೈಡ್ ನೋಡುವವಳು, ಶಿವಮೊಗ್ಗ

ಮೊದಲು ಅಪ್ಪನಿಗೆ ಮಾತ್ರ. ಅವರ ರಕ್ತದಲ್ಲಿ ಎಂಎಲ್‌ಎಚ್-1 ಜೀನ್ ಯಾವ ಜಾಗದಲ್ಲಿ ಕೆಟ್ಟಿದೆ ಅಂತ ಗೊತ್ತಾದ ಮೇಲೆ ನಿಮಗೆ, ತಮ್ಮನಿಗೆ ಆ ಒಂದು ಜಾಗ ನೋಡಿದರೆ ಸಾಕು. ಖರ್ಚೂ ಕಮ್ಮಿ, ಉತ್ತರವೂ ಖಚಿತ. ಅಪ್ಪನದು ಗೊತ್ತಾಗದೆ ನಿಮ್ಮದು ನೆಗೆಟಿವ್ ಬಂದರೆ ಅದಕ್ಕೆ ಅರ್ಥ ಇರುವುದಿಲ್ಲ. ಸಾಧ್ಯವಾದರೆ ಟೆಸ್ಟಿಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಂದು ಸಲ ಕೂತುಕೊಳ್ಳಿ. ಮಣಿಪಾಲ, ಬೆಂಗಳೂರಿನ ಕಡೆ ಸಿಗುತ್ತಾರೆ.

ಅಪ್ಪನಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದೆ ಅಂತಾದರೆ 25ರಿಂದಲೇ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ಮಾಡಿಸುತ್ತಾ ಹೋಗಬೇಕು. ಗಡ್ಡೆ ಕ್ಯಾನ್ಸರ್ ಆಗುವ ಮೊದಲೇ ಪಾಲಿಪ್ ಹಂತದಲ್ಲಿ ತೆಗೆದುಬಿಡಬಹುದು. ನೀವು ಹೆಣ್ಣುಮಗಳು, ಮುಟ್ಟಿನಲ್ಲಿ ಏರುಪೇರು ಆದರೆ ಸುಮ್ನೆ ಬಿಡಬೇಡಿ, ತಕ್ಷಣ ತೋರಿಸಿ. ಬಂದಿಲ್ಲ ಅಂತಾದರೆ ಇದ್ಯಾವುದೂ ಬೇಡ, ಎಲ್ಲರಂತೆ ಇರಬಹುದು.

ನಿಮ್ಮ ಅತ್ತೆಗೆ ಮಕ್ಕಳಿದ್ದರೆ ಅಪ್ಪನ ರಿಪೋರ್ಟಿನ ಒಂದು ಪ್ರತಿ ಅವರಿಗೂ ಕಳಿಸಿ. ಅವರು ಎಲ್ಲೇ ಇರಲಿ, ಆ ಕಾಗದ ಕೈಯಲ್ಲಿದ್ದರೆ ಅಲ್ಲಿನ ಡಾಕ್ಟರಿಗೆ ಏನು ಕೇಳಬೇಕು ಅಂತ ಗೊತ್ತಿರುತ್ತದೆ.